ಗಸಗಸೆಯಷ್ಟು ಸಾಕ್ಷಿ – ೭: ಕಾಶೀರಾಮನ ಬಾವಿ

"ಇದರಾಗ ನನ್ನ ಬಾವಿ ಹೆಸರು ಅದರಿ ಅಮೀನಸಾಬ. ಇಂಗ್ಲಿಷಿನ್ಯಾಗ ಛಾಪಿಸ್ಯಾರ."

ಕಾಶೀರಾಮ ಕೆಂಪು ಬಟ್ಟೆಯ ಗಂಟು ಬಿಚ್ಚಿ, ಒಂದು ತೆಳು ಪುಸ್ತಿಕೆಯನ್ನು ಭಾಲ್ಕಿ ಠಾಣೆಯ ಮೇಜಿನ ಮೇಲಿಟ್ಟ. ಎರಡೂ ಕೈಯಿಂದ ಇಟ್ಟ. ಮಡಿಚಿಕೊಂಡ ಮೂಲೆಗಳನ್ನು ಬೆರಳಿನಿಂದ ಸವರಿದ. ಹೊದಿಕೆಯ ಮೇಲೆ ಅರಿಸಿನದ ಕಲೆ ಇತ್ತು. ಹಬ್ಬದ ದಿನ ಮನೆಯವರು ಅದಕ್ಕೂ ಕೈ ಮುಗಿಯುತ್ತಿದ್ದರೋ ಏನೋ.

ಮೇಜಿನ ಪಕ್ಕದಲ್ಲಿ ಕೂತಿದ್ದ ಭೂಗರ್ಭ ಇಲಾಖೆಯ ಮಾಣಿಕರಾವ ಅದರತ್ತ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಅದನ್ನು ಬರೆದವನು ಅವನೇ.

ಅವನ ಸಹಾಯಕ ಅಬ್ದುಲ ವಾಹೀದ, ಹೈದರಾಬಾದ ಸಂಸ್ಥಾನದೊಳಗೆ ಭಾರತದ ಫೌಜು ಬಂದ ವಾರ ಮನೆ ಬಿಟ್ಟವನು, ಆರು ತಿಂಗಳಾದರೂ ತಿರುಗಿ ಬಂದಿರಲಿಲ್ಲ. ಅವನ ಹೆಗಲುಚೀಲ ಮಾತ್ರ ಹೋದ ವಾರ ಭಾಲ್ಕಿ ಸ್ಟೇಷನ್ನಿನ ಗೋದಾಮಿನಲ್ಲಿ ಸಿಕ್ಕಿತ್ತು. ಅದರ ಪಟ್ಟಿಯ ಮೇಲೆ ಒಣಗಿದ ರಕ್ತ, ಹೊಲಿಗೆಯ ಸಂದಿನಲ್ಲಿ ಬಿಳಿ ಮಣ್ಣು.

ಆ ಮಣ್ಣನ್ನು ಓದಬಲ್ಲವನು ಇಡೀ ಜಿಲ್ಲೆಯಲ್ಲಿ ಮಾಣಿಕರಾವ ಒಬ್ಬನೇ. ಬೀದರ ಸೀಮೆಯ ಕರಿಕಲ್ಲಿನ ಪದರಗಳ ನಡುವೆ ಅಲ್ಲಲ್ಲಿ ಹಳೆಯ ಕೆರೆಗಳ ಕೆಸರು ಸಿಕ್ಕಿಕೊಂಡಿದೆ. ಕಾದ ಕಲ್ಲು ಹರಿದು ಬಂದು ಆ ಕೆರೆಗಳನ್ನು ಮುಚ್ಚಿ ಕೋಟ್ಯಂತರ ವರ್ಷಗಳಾದವು. ಕೆಸರನ್ನು ಸೋಡಾ ನೀರಿನಲ್ಲಿ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಕರಿ ಕಾಗದದ ಮೇಲೆ ಹರಡಿ, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಕಾಳು ಆರಿಸುವುದು ಅವನ ಕೆಲಸ. ಆ ಕೆರೆಗಳಲ್ಲಿ ಬೆಳೆದ ಪಾಚಿಯ ಬೀಜಗಳು ಕಲ್ಲಾಗಿ ಉಳಿದಿರುತ್ತವೆ. ಗಸಗಸೆಯಷ್ಟು ಗಾತ್ರ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ದಾರ ಸುತ್ತಿದ ಬುಗುರಿಯಂತೆ ಮೈತುಂಬ ಸುರುಳಿ. ಒಂದೊಂದು ಕೆರೆಯ ಬೀಜಕ್ಕೆ ಒಂದೊಂದು ಬಗೆಯ ಸುರುಳಿ.

ಚೀಲದ ಮಣ್ಣಿನಲ್ಲಿದ್ದ ಬೀಜವನ್ನು ಅವನು ಕಂಡ ಕೂಡಲೇ ಗುರುತಿಸಿದ್ದ. ಠಾಣೆಯ ಮುಖ್ಯಸ್ಥನಾದ ಅಮೀನ ಕೇಳಿದಾಗ, "ಇಂಥಾ ಮಣ್ಣು ಎಲ್ಲೆರೆ ಇರಬಹುದು" ಎಂದು ಜಾರಿಕೊಂಡಿದ್ದ.

ಆದರೆ ಅಮೀನ ಅಬ್ದುಲ ಅಜೀಜ ಜಾರಿಕೊಳ್ಳಲು ಬಿಡುವ ಆಸಾಮಿಯಲ್ಲ. ನಿಜಾಮನ ಪೊಲೀಸಿನಲ್ಲಿ ಇಪ್ಪತ್ತಾರು ವರ್ಷ ತೆಗೆದವನು. ಸರ್ಕಾರ ಬದಲಾದ ಮೇಲೂ ಕೆಲಸದಲ್ಲಿ ಉಳಿದವನು. ಸೊಂಟಕ್ಕೆ ಹಳೆಯ ಪಟ್ಟಾ, ಎದೆಗೆ ಹೊಸ ಬಿಲ್ಲೆ. ಮಾಣಿಕರಾವನ ಕಚೇರಿಗೇ ಬರೆದು ಇದೇ ಪುಸ್ತಿಕೆಯ ಇನ್ನೊಂದು ಪ್ರತಿ ತರಿಸಿ, ಬಲ್ಲವರಿಂದ ಓದಿಸಿದ್ದ. ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ಈ ಬಗೆಯ ಬೀಜ ಸಿಗುವುದು ಒಂದೇ ಕಡೆ, ಭಾಲ್ಕಿಯ ಹತ್ತಿರ ಕಾಶೀರಾಮನ ಹೊಲದ ಬಾವಿಯಲ್ಲಿ, ದುರಸ್ತಿಯ ವೇಳೆ ಕಂಡ ಬಿಳಿಯ ಪದರ ಈಗ ಕಲ್ಲುಕಟ್ಟಡದ ಹಿಂದೆ ಮುಚ್ಚಿಹೋಗಿದೆ.

"ಈ ಪುಸ್ತಕ ನಿನಗ ಹ್ಯಾಂಗ ಸಿಕ್ತು?" ಅಮೀನ ಕಾಶೀರಾಮನನ್ನು ಕೇಳಿದ.

"ವಾಹೀದಭಾಯಿ ಕೊಟ್ಟಾನ್ರಿ. ಮೂರು ವರ್ಷ ಆತು. ಕಾಶೀರಾಮಣ್ಣ, ನಿನ್ನ ಬಾವಿ ಹೆಸರು ಬಂದದ, ಜ್ವಾಕಿ ಇಡು ಅಂದ. ನಗಲಾಕತ್ತಿದ್ದ." ಕಾಶೀರಾಮ ತಾನೂ ನಕ್ಕ. "ನಮ್ಮ ಊರಾಗ ಯಾರ ಹೆಸರೂ ಪುಸ್ತಕದಾಗ ಬಂದಿಲ್ರಿ. ನಂದೇ ಮೊದಲನೇದು."

ಮಾಣಿಕರಾವನ ಕಿವಿ ಬಿಸಿಯಾದವು. ವಾಹೀದನಿಗೆ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಬಂದು, ಸಲಾಮ್ ಹೇಳಿ, ಮಣ್ಣು ತೊಳೆಯಲು ಕೂಡುತ್ತಿದ್ದ.

"ಕಾಶೀರಾಮ," ಅಮೀನನ ದನಿ ತಗ್ಗಿತು, "ವಾಹೀದನ ಚೀಲಕ್ಕ ಹತ್ತಿದ ಮಣ್ಣು ನಿನ್ನ ಬಾವಿದು. ಚೀಲ ಸಿಕ್ಕದ್ದು ನಿನ್ನ ಹೊಲದಿಂದ ಅರ್ಧಾ ಮೈಲಿಗಿ. ಅವನ್ನ ಏನು ಮಾಡಿದಿ?"

ಕಾಶೀರಾಮನ ಮುಖದ ಮೇಲೆ ನಗು ಇನ್ನೂ ಇತ್ತು. ಅದು ಇಳಿದು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾ ಏನು ಮಾಡ್ಲಿರಿ ಅವಗ? ನಮ್ಮ ಮನ್ಯಾಗ ರೊಟ್ಟಿ ತಿಂದ ಮನುಷ್ಯಾನ್ರಿ ಅವ." ಅವನು ಮಾಣಿಕರಾವನ ಕಡೆ ತಿರುಗಿದ. "ಸಾಹೇಬರ, ನೀವೂ ಬಂದಿದ್ರಿ ಅವತ್ತು. ರೈಲು ಹೋಗಿಬಿಟ್ಟಿತ್ತು. ನಮ್ಮ ಬಾವಿ ಕಟ್ಟಿ ಮ್ಯಾಲ ಕುಂತು ಉಂಡ್ರಿ. ಹೇಳ್ರಿ ಇವರಿಗಿ."

ಮಾಣಿಕರಾವ ಕನ್ನಡಕ ತೆಗೆದು ಒರೆಸತೊಡಗಿದ.

ಹೊರಗಿನಿಂದ ಒಬ್ಬ ಜವಾನ ಬಂದು ಅಮೀನನಿಗೆ ಸಲಾಮು ಹೊಡೆದ. ಅಂಗಿಯೆಲ್ಲ ಧೂಳು. "ಬಾವಿ ಕಟ್ಟಡ ಎಂಟು ಸಾಲು ಬಿಚ್ಚೀವ್ರಿ. ಬಿಳಿ ಮಣ್ಣು ಇನ್ನೂ ಕಂಡಿಲ್ಲ. ನೀರಿನ ಮಟ್ಟದ ತನಕಾ ಕೀಳಬೇಕೇನ್ರಿ?"

"ಕೀಳ್ರಿ," ಅಂದ ಅಮೀನ.

ಕಾಶೀರಾಮ ಅಲ್ಲೇ ನೆಲಕ್ಕೆ ಕುಸಿದ. "ಅದು ನಮ್ಮ ಅಜ್ಜ ಕಟ್ಟಿಸಿದ್ದರಿ," ಎಂದ. ಯಾರಿಗೆ ಹೇಳಿದನೋ.

ಗೋಡೆಯ ಪಕ್ಕದ ಬೆಂಚಿನ ಮೇಲೆ ವಾಹೀದನ ಹೆಂಡತಿ ಹಾಜಿರಾಬೀ ಕೂತಿದ್ದಳು. ಚೀಲದ ಗುರುತು ಹಿಡಿಯಲು ಅವಳನ್ನು ಬೀದರದಿಂದ ಕರೆಸಿದ್ದರು. ಹೊಲಿಗೆ ತನ್ನದೇ ಎಂದು ಅವಳು ಹೇಳಿಯಾಗಿತ್ತು. ಈಗ ಬುರ್ಖಾದ ಮುಸುಕನ್ನು ಮೇಲೆತ್ತಿ ಕಾಶೀರಾಮನನ್ನು ನೋಡುತ್ತಿದ್ದಳು. ಗಂಡನನ್ನು ಕೊಂದವನ ಮುಖ ಇದೇ ಇರಬಹುದೇ ಎಂದು ಹುಡುಕುವ ನೋಟ.

ಆ ನೋಟ ಮಾಣಿಕರಾವನಿಗೆ ತಡೆಯಲಾಗಲಿಲ್ಲ.

"ಅಮೀನಸಾಬ, ಬಾವಿ ಕೀಳೂದು ನಿಲ್ಲಸರಿ."

"ಯಾಕ?"

"ಅಲ್ಲಿ ಬಿಳಿ ಮಣ್ಣು ಇಲ್ಲ."

"ಕಲ್ಲಿನ ಹಿಂದ ಅದ ಅಂತ ನೀವೇ ಬರದೀರಿ."

"ಸುಳ್ಳು ಬರದೀನಿ."

ಅಮೀನ ಕೈಯಲ್ಲಿದ್ದ ಲೇಖನಿಯನ್ನು ಕೆಳಗಿಟ್ಟ.

"ಆ ಮಣ್ಣು ಡಾಬಕಾದ್ದು," ಮಾಣಿಕರಾವ ಹೇಳಿದ. "ಔರಾದ ಆಚಿಗಿ, ಜಿಲ್ಲಾ ಸೀಮಿ ಹತ್ತಿರ. ಪುತಳಾಬಾಯಿ ಅಂತ ಒಬ್ಬ ಮುದುಕಿ ಹೊಲದ ಬಾವಿ. ಬಾವಿಯೊಳಗ ಇಳದು ಆ ಪದರ ಕಂಡಾವ ವಾಹೀದ. ಬೀಜಾ ಆರಿಸಿದಾವನೂ ಅವನೇ. ಅವನ ಅಪ್ಪ ಬಿದರಿ ಕೆಲಸದವರು; ಕೂದಲೆಳಿಯಂಥಾ ಬೆಳ್ಳಿ ತಂತಿ ಕೂಡಸೂ ಕಣ್ಣು ಅವರ ಮನಿತನದ್ದು. ನಾ ನಾಲ್ಕು ವರ್ಷ ಹುಡುಕಿ ಕಾಣದ್ದು ಅವನಿಗಿ ಒಂದು ಮುಂಜಾನ್ಯಾಗ ಕಂಡಿತ್ತು."

"ಹಾಂಗಾದ್ರ ಡಾಬಕಾ ಅಂತ ಯಾಕ ಬರೀಲಿಲ್ಲ?"

ಈ ಪ್ರಶ್ನೆಗೆ ಉತ್ತರವನ್ನು ಮಾಣಿಕರಾವ ತನಗೆ ತಾನೇ ಎಂದೂ ಪೂರ್ತಿಯಾಗಿ ಹೇಳಿಕೊಂಡಿರಲಿಲ್ಲ. ಕಲಕತ್ತೆಯಿಂದಲೋ ವಿಲಾಯತಿಯಿಂದಲೋ ವಿದ್ವಾಂಸರು ಜಾಗ ನೋಡಲು ಬಂದಾರು. ಡಾಬಕಾದಲ್ಲಿ ಯಾರನ್ನು ಕೇಳಿದರೂ ವಾಹೀದನ ಹೆಸರೇ ಹೇಳಿಯಾರು. ಮೆಟ್ರಿಕ್ಕೂ ಪಾಸಾಗದ ಸಹಾಯಕ ಕಂಡು ಹಿಡಿದದ್ದಕ್ಕೆ ಇವನು ಹೆಸರು ಹಚ್ಚಿಕೊಂಡ ಅಂದಾರು. ಅದಕ್ಕೆ ಕಲ್ಲು ಕಟ್ಟಿ ಮುಚ್ಚಿದ ಒಂದು ಬಾವಿ ಬೇಕಾಗಿತ್ತು, ಯಾರೂ ತೆರೆದು ನೋಡಲಾಗದ್ದು. ಒಂದು ಮಧ್ಯಾಹ್ನ ರೊಟ್ಟಿ ತಿಂದ ಬಾವಿ ನೆನಪಾಗಿತ್ತು.

"ನನ್ನ ಹೆಸರಿನ ಸಲುವಾಗಿ," ಅಂದ.

ಮೊದಲು ಮಾತಾಡಿದವನು ಕಾಶೀರಾಮ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ನೆಲದಿಂದ ಎದ್ದು, ಮೇಜಿನ ಮೇಲಿನ ಪುಸ್ತಿಕೆಯನ್ನೂ ಮಾಣಿಕರಾವನನ್ನೂ ನೋಡಿ ಕೇಳಿದ: "ಹಾಂಗಾದ್ರ ನನ್ನ ಬಾವಿ ಪುಸ್ತಕದಾಗ ಇಲ್ಲೇನ್ರಿ?"

ಬೈದಿದ್ದರೆ, ಉಗುಳಿದ್ದರೆ ಸಹಿಸಬಹುದಿತ್ತು. ಮಾಣಿಕರಾವ ತಲೆ ಕೆಳಗೆ ಹಾಕಿದ.

"ಭಾಯಿಸಾಬ," ಬೆಂಚಿನಿಂದ ಹಾಜಿರಾಬೀಯ ದನಿ ಬಂತು. ಮೆತ್ತನೆಯ ದನಿ. "ಆ ಪುಸ್ತಕ ಬಂದ ದಿವ್ಸ ಅವ್ರು ಮನಿಗಿ ತಂದಿದ್ರು. ಇಂಗ್ಲಿಷ್ ಓದಲಾಕ ಬರ್ತಿದ್ದಿಲ್ಲ, ಖರೇ ಅಕ್ಷರ ಗುರ್ತು ಇದ್ವು. ತಮ್ಮ ಹೆಸರು ಹುಡುಕಿದ್ರು. ಒಂದೊಂದು ಸಾಲಿಗೂ ಬೆರಳು ಇಟ್ಟು. ಕಡೀ ಹಾಳಿ ತನಕಾ. ಆಮ್ಯಾಲ ಮುಚ್ಚಿಟ್ಟು, ಊಟ ಹಾಕು ಅಂದ್ರು."

"ನನ್ನ ಮುಂದ ಒಂದು ಮಾತೂ ಅನ್ನಲಿಲ್ಲ ಅವ."

"ಏನಂತ ಅನ್ನಬೇಕಿತ್ತರಿ? ನೀವು ಸಾಬ. ಅವ್ರು ನೌಕರ."

ಮಾಣಿಕರಾವನಿಗೆ ಆಕೆಯ ಕಡೆ ತಿರುಗುವ ಧೈರ್ಯವಾಗಲಿಲ್ಲ. ಫೌಜು ಬಂದ ವಾರ, ಊರಿಗೆ ಊರೇ ಒಬ್ಬರಿಗೊಬ್ಬರು ಹೆದರಿ ಕೂತಿದ್ದ ದಿನಗಳಲ್ಲಿ, ಅವನು ಬೀದರದ ಚಿದ್ರಿಯ ತನ್ನ ಮನೆಯ ಬಾಗಿಲು ಹಾಕಿಕೊಂಡು ಒಳಗಿದ್ದ. ವಾಹೀದನ ಮನೆ ಅಲ್ಲಿಂದ ಕಾಲು ಗಂಟೆಯ ದಾರಿ. ಹೋಗಿ ನೋಡಿರಲಿಲ್ಲ. ಒಂದು ತಿಂಗಳು ಬಿಟ್ಟು ಹೋದಾಗ ಹಾಜಿರಾಬೀ ಅವನಿಗೆ ಚಹಾ ಮಾಡಿಕೊಟ್ಟಿದ್ದಳು.

ಅಮೀನ ಎದ್ದು ನಿಂತ.

"ಮಾಣಿಕರಾವ, ಹೋದ ವಾರ ಎಲ್ಲೆರೆ ಇರಬಹುದು ಅಂದ್ರಿ. ಪುಸ್ತಕದಾಗ ಭಾಲ್ಕಿ ಅಂದೀರಿ. ಇವತ್ತು ಡಾಬಕಾ ಅಂತೀರಿ. ಮೂರರಾಗ ಯಾವುದು ಖರೇ ಅಂತ ಬರಕೊಳ್ಳಲಿ? ನೀವು ಬರದದ್ದರ ಮ್ಯಾಲ ಈ ಮನುಷ್ಯಾನ್ನ ಹಿಡದೆ. ಇನ್ನ ನಿಮ್ಮ ಬಾಯಿಮಾತಿನ ಮ್ಯಾಲ ಬಿಡಂಗಿಲ್ಲ."

"ಬಾಯಿಮಾತು ಬ್ಯಾಡ್ರಿ. ನೀವೇ ಕಣ್ಣಾರೆ ನೋಡ್ರಿ."

ಠಾಣೆಯ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಮೇಜು ಹಾಕಿಸಿದರು. ಕಾಶೀರಾಮನ ಬಾವಿಯ ಕಟ್ಟಡದ ಹಿಂದಿನ ಮಣ್ಣು ಒಂದು ಪುಟ್ಟಿ ಬಂತು. ಅಗಸರ ಮನೆಯಿಂದ ಸೋಡಾ ಬಂತು. ಮಾಣಿಕರಾವ ತೋಳು ಮೇಲೇರಿಸಿ ಕೂತ. ಒಂದು ಬೋಗುಣಿಯಲ್ಲಿ ಬಾವಿಯ ಮಣ್ಣು, ಇನ್ನೊಂದರಲ್ಲಿ ಚೀಲದ ಸಂದಿನಿಂದ ಬಿಡಿಸಿದ ಮಣ್ಣು. ಈ ತೊಳೆಯುವ ಕೆಲಸವನ್ನು ಅವನು ತನ್ನ ಕೈಯಿಂದ ಮಾಡಿ ಎಷ್ಟೋ ವರ್ಷವಾಗಿತ್ತು. ನೀರನ್ನು ಎಷ್ಟು ಓರೆ ಮಾಡಿ ಚೆಲ್ಲಬೇಕು ಎಂಬುದೂ ಮರೆತಂತಾಗಿತ್ತು. ಒಂದು ಹಿಡಿ ಮಣ್ಣು ನೀರಿನೊಡನೆ ನೆಲದ ಪಾಲಾಯಿತು.

"ಸಾವಕಾಶ," ಅಂದಳು ಹಾಜಿರಾಬೀ. ಆಕೆಯೂ ಹಿತ್ತಲಿಗೆ ಬಂದು ನಿಂತಿದ್ದಳು. "ಬಟ್ಟೆ ಜಗ್ಗಿ ಹಿಡೀರಿ. ಅವ್ರು ಮನ್ಯಾಗೂ ಹಾಂಗೇ ಮಾಡ್ತಿದ್ರು."

ಮಣ್ಣು ಸೋಸಿ ಬಿಸಿಲಿಗೆ ಒಣಗಲು ಎರಡು ತಾಸು ಹಿಡಿಯಿತು. ಮಾಣಿಕರಾವ ಪೆಟ್ಟಿಗೆಯಿಂದ ಸೂಕ್ಷ್ಮದರ್ಶಕ ತೆಗೆದು, ಕರಿ ಕಾಗದದ ಮೇಲೆ ಬೆಳಕು ಬೀಳುವಂತೆ ಅದರ ಕನ್ನಡಿ ತಿರುಗಿಸಿ ಪಕ್ಕಕ್ಕೆ ಸರಿದ. ಅಮೀನ ಟೋಪಿ ತೆಗೆದಿಟ್ಟು, ಒಂದು ಕಣ್ಣು ಮುಚ್ಚಿ ಬಗ್ಗಿದ.

ಮೊದಲು ಚೀಲದ ಮಣ್ಣು.

"ಸುಭಾನಲ್ಲಾ," ಎಂದ ಅಮೀನ, ತನಗರಿವಿಲ್ಲದೆ. "ದಾರ ಸುತ್ತಿದಂಗ ಅದ."

ಆಮೇಲೆ ಬಾವಿಯ ಮಣ್ಣು. ಬಹಳ ಹೊತ್ತು ನೋಡಿದ. ಕಾಗದವನ್ನು ತಾನೇ ಸರಿಸಿ ಸರಿಸಿ ನೋಡಿದ. ಮತ್ತೊಂದು ಚಿಟಿಕೆ ಹಾಕಿಸಿ ನೋಡಿದ. ಕರಿಕಲ್ಲಿನ ಪುಡಿ, ಕೆಂಪು ಮುರುಮಿನ ಹರಳು, ಒಂದು ಇರುವೆಯ ಕಾಲು. ಸುರುಳಿಯ ಕಾಳು ಒಂದೂ ಇರಲಿಲ್ಲ.

ಬಿಸಿಲು ಇಳಿದು, ಮೂರನೆಯ ನಮಾಜಿನ ಹೊತ್ತಿಗೆ ಕಾಶೀರಾಮನನ್ನು ಬಿಟ್ಟರು. ಬಿಚ್ಚಿದ ಕಟ್ಟಡವನ್ನು ಜವಾನರೇ ತಿರುಗಿ ಕಟ್ಟಿಕೊಡಬೇಕೆಂದು ಅಮೀನ ಹುಕುಂ ಮಾಡಿದ. ಮಾಣಿಕರಾವ ಬಾಗಿಲ ತನಕ ಹೋಗಿ, "ಕಾಶೀರಾಮಣ್ಣ, ನನ್ನದು ತಪ್ಪಾತು" ಎಂದ. ಕಾಶೀರಾಮ ತಲೆಯಾಡಿಸಿದ. ಕೆಂಪು ಬಟ್ಟೆಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಪುಸ್ತಿಕೆ ಮೇಜಿನ ಮೇಲೆಯೇ ಉಳಿಯಿತು.

"ನಾಳಿ ಮುಂಜಾನಿ ಡಾಬಕಾಕ್ಕ ಹೋಗೂಣು," ಅಂದ ಅಮೀನ.

"ನಾನೂ ಬರ್ತೇನಿ," ಅಂದಳು ಹಾಜಿರಾಬೀ. ಅಮೀನ ಬೇಡವೆನ್ನಲಿಲ್ಲ.

ಪೊಲೀಸ್ ಲಾರಿ ಔರಾದ ದಾಟಿದ ಮೇಲೆ ರಸ್ತೆ ಬಂಡಿಜಾಡಾಯಿತು. ಕುಸುಬೆ ಕೊಯ್ದ ಹೊಲಗಳು ಬಿಸಿಲಿಗೆ ಬಿರುಕು ಬಿಟ್ಟಿದ್ದವು. ಡಾಬಕಾದ ಹೊರಗೆ, ಆ ಬಾವಿಯ ಹತ್ತಿರ, ಕಲ್ಲಿನ ಒಂದು ಕೊಟ್ಟಿಗೆಯ ಮುಂದೆ ಒಬ್ಬ ಮುದುಕಿ ಕುರಿಮರಿಗೆ ನೀರು ಕುಡಿಸುತ್ತಿದ್ದಳು. ಖಾಕಿ ಬಟ್ಟೆ ಕಂಡು ಎದ್ದು ನಿಂತಳು, ಓಡಲಿಲ್ಲ.

"ಪುತಳಾಬಾಯಿ ನೀನೇ ಏನು?" ಅಮೀನ ಕೇಳಿದ.

ಅವಳು ಅವನಿಗೆ ಉತ್ತರ ಕೊಡದೆ, ಮಾಣಿಕರಾವನ ಕನ್ನಡಕವನ್ನೂ ಕೈಯಲ್ಲಿದ್ದ ಮರದ ಪೆಟ್ಟಿಗೆಯನ್ನೂ ನೋಡಿದಳು.

"ಮಾಣಿಕರಾವ ಅಂದ್ರ ನೀವೇನ್ರಿ?"

"ಹೌದು, ಆಯಿ."

"ಈಗ ಬಂದ್ರೇನು?" ಅಂದಳು ಮುದುಕಿ. "ಅವ ದಿನಾ ಆ ದಾರಿ ನೋಡ್ತಿದ್ದ."

ಹಾಜಿರಾಬೀ ಲಾರಿಯಿಂದ ಇಳಿಯುತ್ತಿದ್ದವಳು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾವಾಗ?" ಅಮೀನನ ದನಿ ಚುರುಕಾಯಿತು. "ಯಾವಾಗ ಬಂದಿದ್ದ?"

"ಪಿತೃಪಕ್ಷದಾಗ ಬಂದ್ರಿ. ಕಾಲಿಗಿ ಪೆಟ್ಟಾಗಿತ್ತು, ಚೀಲಕ್ಕ ರಕ್ತ ಹತ್ತಿತ್ತು. ಆಯಿ, ನಾಲ್ಕು ದಿನ ಇಟ್ಕೋ, ಈ ಜಾಗ ನಮ್ಮ ಸಾಬಗ ಒಬ್ಬರಿಗೇ ಗೊತ್ತು, ಅವ್ರು ಬರ್ತಾರ ಅಂದ. ಈ ಕೊಟ್ಟಿಗ್ಯಾಗ ಇಟ್ಟೆ. ಊರಾಗ ಯಾರ ಮುಂದೂ ಬಾಯಿ ಬಿಡಲಿಲ್ಲ. ಹ್ಯಾಂಗ ಬಿಡಲಿ, ಎಂಥಾ ದಿನ ಇದ್ವು ಅವು! ಸೀಗಿ ಹುಣ್ಣಿಮಿ ತನಕಾ ಇದ್ದ. ಸುಮ್ನ ಕೂಡಾವ ಅಲ್ಲ, ಬಾವ್ಯಾಗ ಇಳಿದು ಆ ಬಿಳಿ ಮಣ್ಣು ತಗದು ತಗದು ಇಡಾವ. ಸಾಬ ಬಂದ್ರ ಬೇಕಾಗ್ತದ ಅನ್ನಾವ."

ಮಾಣಿಕರಾವ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಸತ್ತನೆಂದು ಎಲ್ಲರೂ ತಿಳಿದ ಮೇಲೂ ವಾಹೀದ ಒಂದು ತಿಂಗಳು ಇಲ್ಲಿ ಬದುಕಿದ್ದ. ಇಡೀ ಲೋಕದಿಂದ ತಾನು ಮುಚ್ಚಿಟ್ಟ ಈ ಜಾಗದಲ್ಲೇ. ತಾನು ಒಬ್ಬನೇ ಬರಬಹುದಾಗಿದ್ದ ಈ ಜಾಗದಲ್ಲೇ. ಒಂದೇ ಒಂದು ಸಲ, ವಾಹೀದ ಎಲ್ಲಿಗೆ ಹೋಗಿರಬಹುದು ಎಂದು ಕೂತು ಯೋಚಿಸಿದ್ದರೆ ಸಾಕಿತ್ತು.

"ಆಮ್ಯಾಲ?" ಹಾಜಿರಾಬೀ ಕೇಳಿದಳು. "ಆಮ್ಯಾಲ ಎಲ್ಲಿಗಿ ಹೋದ್ರು, ಆಯಿ?"

ಪುತಳಾಬಾಯಿ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಅವನ ಹೆಂಡತಿ ಏನವ್ವ ನೀ?" ಎಂದವಳೇ ಕೊಟ್ಟಿಗೆಯೊಳಗೆ ಹೋಗಿ, ಒಂದು ತಗಡಿನ ಡಬ್ಬಿ ತಂದಳು. "ಹುಣ್ಣಿಮಿ ಮರುದಿನ ಟಾಂಗಾದಾಗ ಒಬ್ಬ ಮನುಷ್ಯಾ ಬಂದ. ನಾ ಹೊಲದಾಗ ಇದ್ದೆ, ಮುಖ ಕಂಡಿಲ್ಲ. ಒಂದು ಚೀಟಿ ತಂದಿದ್ದ. ಅದನ್ನ ಓದಿ ಇವ ಕಣ್ಣಾಗ ನೀರು ತಂದ. ಓಡಿ ನನ್ನ ಹತ್ತಿರ ಬಂದು, ಆಯಿ, ಸಾಬ ಕರಿಸ್ಯಾರ, ನನ್ನ ಹೆಂಡತಿ ಬಂದ್ರ ಇದು ತೋರಸು, ಚಿಂತಿ ಮಾಡಬ್ಯಾಡ ಅನ್ನು ಅಂದು ಹೋದ."

ಅಮೀನ ಡಬ್ಬಿಯೊಳಗಿದ್ದ ಚೀಟಿ ಬಿಡಿಸಿದ. ಉರ್ದುವಿನ ಎರಡು ಸಾಲು. ಗಟ್ಟಿಯಾಗಿ ಓದಿದ: "ವಾಹೀದ, ಈ ಚೀಟಿ ತಂದವರ ಜೊತೆ ಕೂಡಲೇ ಹೊರಟು ಬಾ. ನಾನು ಭಾಲ್ಕಿಯಲ್ಲಿ ಇದ್ದೇನೆ. ಮಾಣಿಕರಾವ."

ಎಲ್ಲರೂ ಅವನ ಕಡೆ ನೋಡಿದರು.

"ಅಕ್ಷರ ಯಾರದು?" ಅಮೀನ ಕೇಳಿದ.

ಮಾಣಿಕರಾವ ಚೀಟಿಯನ್ನು ಕೈಗೆ ತೆಗೆದುಕೊಂಡ. ಬಾಗಿದ ಆ ಅಕ್ಷರ ಬೇರೆ ಯಾರದೂ ಆಗಲು ಸಾಧ್ಯವಿರಲಿಲ್ಲ. "ನಂದೇ. ಖರೇ ಆಗ ಬರದಿದ್ದಲ್ಲ. ಸೀಗಿ ಹುಣ್ಣಿಮಿಗಿ ನಾ ಬೀದರದಾಗ ಇದ್ದೆ. ನಾ ಅವನಿಗಿ ಕರೀ ಕಳಸಿಲ್ಲ."

"ತಾರೀಖಿಲ್ಲ," ಅಮೀನ ಅಂದ. ಚೀಟಿಯನ್ನು ತಿರುಗಿ ಇಸಿದುಕೊಂಡು ಹೊರಳಿಸಿದ. "ಹಿಂದ ಪೆನ್ಸಿಲಿನ್ಯಾಗ ಏನೋ ನಂಬರ ಅದ. ಇದೇನ್ರಿ?"

ಮಾಣಿಕರಾವ ಆ ನಂಬರನ್ನು ನೋಡಿದ.

ಹಳ್ಳಿ ತಿರುಗುವ ದಿನಗಳಲ್ಲಿ ಅವನು ವಾಹೀದನಿಗೆ ಇಂಥ ಚೀಟಿಗಳನ್ನು ಎಷ್ಟೋ ಕಳಿಸಿದ್ದ. ಕಾಗದ ಹಾಳು ಮಾಡಬಾರದೆಂದು ವಾಹೀದ ಅವುಗಳ ಹಿಂದೆಯೇ ಮಣ್ಣಿನ ನಂಬರು ಬರೆದು, ಮಣ್ಣಿನ ಚೀಲದೊಳಗೆ ಇಡುತ್ತಿದ್ದ. ಇದು ಮೂರು ವರ್ಷದ ಹಿಂದಿನ ನಂಬರು. ದಫ್ತರ ತೆಗೆದು ತೋರಿಸಿದರೆ ಸಾಕು, ಚೀಟಿ ಹಳೆಯದೆಂದು ಅಮೀನ ಒಪ್ಪುತ್ತಿದ್ದ. ಮಾಣಿಕರಾವ ಪಾರಾಗುತ್ತಿದ್ದ.

ಆದರೆ ಅಮೀನ ಮುಂದಿನ ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. ಆ ಮಣ್ಣಿನ ಚೀಲಗಳು ಎಲ್ಲಿರುತ್ತವೆ? ಚಿದ್ರಿಯ ಮನೆಯ ಕಪಾಟಿನಲ್ಲಿ. ಕೀಲಿ ಯಾರ ಹತ್ತಿರ? ಎರಡು ಕೀಲಿ. ಒಂದು ಅವನ ಜೇಬಿನಲ್ಲಿ. ಇನ್ನೊಂದು ಅವನ ಹೆಂಡತಿ ಹೀರಾಬಾಯಿಯ ಸೊಂಟದಲ್ಲಿ. ಈ ಚೀಟಿಯನ್ನು ಅಲ್ಲಿಂದ ತೆಗೆದವನು ತಾನಲ್ಲ.

"ಏನ್ರಿ ಇದು?" ಅಮೀನ ಮತ್ತೆ ಕೇಳಿದ.

"ಗೊತ್ತಿಲ್ಲರಿ," ಅಂದ ಮಾಣಿಕರಾವ.

ಹಾಜಿರಾಬೀ ಮುಂದೆ ಬಂದು ಚೀಟಿಯ ಮೇಲೆ ಬಗ್ಗಿದಳು. ಪೆನ್ಸಿಲಿನ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಮಾಣಿಕರಾವನ ಮುಖವನ್ನೇ ನೋಡುತ್ತ ಅಮೀನನಿಗೆ ಹೇಳಿದಳು:

"ಇದು ನಮ್ಮವರ ಕೈಬರಹ. ಭಾಯಿಸಾಬರಿಗಿ ಗೊತ್ತದ."